ಭಂಗಾರಕ್ಕೆ ಹೊರಟ ಕಂಪ್ಯೂಟರು ಮತ್ತು ಕಾಕಾನ ಬೀಸುವ ಪದಗಳು

ನಮ್ಮ ಕಡೆ ಬಂಗಾರ ಬೇರೆ, ಭಂಗಾರ ಬೇರೆ. ಒಂದು ಅಕ್ಕಸಾಲಿಗನ ತಕ್ಕಡಿಯದು, ಇನ್ನೊಂದು ತಳ್ಳುಗಾಡಿಯವನ ತಕ್ಕಡಿಯದು. ಕುಸನೂರಿನ ನಮ್ಮ ಕಾಕಾನ ಮನೆಯ ಕಂಪ್ಯೂಟರು 2025ರ ದೀಪಾವಳಿ ಮುಗಿಯುತ್ತಲೇ ಈ ಎರಡನೆಯ ತಕ್ಕಡಿ ಏರಲು ಬಾಗಿಲ ಬಳಿ ಕೂತಿತ್ತು.

ಯಂತ್ರಕ್ಕೆ ರೋಗವೇನೂ ಇರಲಿಲ್ಲ. ವಯಸ್ಸಾಗಿತ್ತು, ಅಷ್ಟೇ. ವಿಂಡೋಸ್ 10ಕ್ಕೆ ಕಂಪನಿ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್ ಬೇಕು, ಟಿಪಿಎಂ ಎಂಬ ಭದ್ರತಾ ಚಿಪ್ ಬೇಕು, ಹೊಸ ಕಾಲದ ಪ್ರೊಸೆಸರ್ ಬೇಕು. ಕಾಕಾನ ಪೆಟ್ಟಿಗೆಯಲ್ಲಿ ಇದ್ದದ್ದು ಕೋರ್ ಟು ಡ್ಯೂಯೊ ಮತ್ತು 2 ಜಿಬಿ. ದುರಸ್ತಿ ಹುಡುಗ ಬಂದು ನೋಡಿ, "ಸರ್, ಇದರದ್ದು ಮುಗೀತ್ರಿ. ಹೊಸಾದು ತಗೋರಿ" ಅಂದು ಚಹಾ ಕುಡಿದು ಹೋದ.

ಕಾಕಾ ನಿವೃತ್ತ ಮಾಸ್ತರ. ಆ ಪೆಟ್ಟಿಗೆಯಲ್ಲಿ ಅವರ ಹದಿನೈದು ವರ್ಷದ ಕೂಡಿಟ್ಟ ಗಂಟಿದೆ. ಹಳ್ಳಿ ಹಳ್ಳಿ ತಿರುಗಿ, ಮುದುಕಿಯರ ಬಾಯಿಂದ ಬರೆದುಕೊಂಡ ಬೀಸುವ ಪದಗಳು, ಮುನ್ನೂರು ಪುಟದ ಮೇಲೆ. ಹಾಡಿದವರಲ್ಲಿ ಅರ್ಧದಷ್ಟು ಮಂದಿ ಈಗ ಇಲ್ಲ. "ಪೆಟ್ಟಿಗಿ ಹೋದ್ರ ಹೋಗಲಿ ತಮ್ಮಾ, ಪದಾ ಹೋಗಬಾರ್ದು" ಎಂದರು.

ನನಗೂ ಕಂಪ್ಯೂಟರು ಬಿಚ್ಚಿ ಕೂಡಿಸುವ ಹುಚ್ಚು ಮೊದಲಿನಿಂದಲೇ ಇದೆ. ಈ ಊರು ಇನ್ನೂ ಗುಲ್ಬರ್ಗ ಎಂದೇ ಕರೆಸಿಕೊಳ್ಳುತ್ತಿದ್ದಾಗ, ಉಬುಂಟು ಎಂಬ ಲಿನಕ್ಸ್‌ನ ಸಿ.ಡಿ.ಯನ್ನು ಕೇಳಿದವರಿಗೆ ಅಂಚೆಯಲ್ಲಿ ಪುಕ್ಕಟೆ ಕಳಿಸುತ್ತಿದ್ದರು. 2011ರ ತನಕ ಆ ಧರ್ಮ ನಡೆಯಿತು. ನನಗೂ ಒಂದು ಲಕೋಟೆ ಬಂದಿತ್ತು. ಅಂಚೆಯಣ್ಣ ವಿದೇಶದ ಕಾಗದವೆಂದು ಗಾಬರಿಯಾಗಿ ಸಹಿ ಬೇಕೇನೋ ಎಂದು ವಿಚಾರಿಸಿದ್ದ!

ಲಿನಕ್ಸ್ ಎಂದರೇನು ಎಂದು ಕೇಳುವವರಿಗೆ ಎರಡು ಮಾತು. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ, ತಂತ್ರಾಂಶದ ಒಳಗುಟ್ಟು ಎಲ್ಲರಿಗೂ ತೆರೆದಿರಬೇಕು, ಯಾರು ಬೇಕಾದರೂ ತಿದ್ದಿ ಹಂಚಬಹುದು ಎಂದು ಗ್ನೂ ಯೋಜನೆ ಸಾರಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಅದಕ್ಕೆ ಬೇಕಿದ್ದ ತಿರುಳನ್ನು ಬರೆದ. ಎರಡೂ ಕೂಡಿ ನೂರಾರು ರೂಪ ತಾಳಿವೆ. ಊರಿಗೊಂದು ರೊಟ್ಟಿ, ಹಿಟ್ಟು ಅದೇ.

ಮೊದಲು ಕಾಕಾನ ಕಡತಗಳನ್ನು ಎರಡು ಪೆನ್‌ಡ್ರೈವಿಗೆ ನಕಲು ಮಾಡಿಟ್ಟೆ. ಒಂದೇ ಸಾಲದು. ಆಮೇಲೆ ಪ್ರಯೋಗ. ಹೊಸ ಉಬುಂಟು ಹಾಕಿದರೆ ಎತ್ತು ಏರಿ ಹತ್ತಿದ ಹಾಗೆ ಏದುಸಿರು ಬಿಟ್ಟಿತು. ಪಪ್ಪಿ ಲಿನಕ್ಸ್ ಹಾಕಿದೆ. ಅದು ಹಾರ್ಡ್ ಡಿಸ್ಕನ್ನೇ ಮುಟ್ಟದೆ ರ‍್ಯಾಮ್‌ನಲ್ಲಿ ಕೂತು ಓಡುವ ಪುಟ್ಟ ವ್ಯವಸ್ಥೆ. ಓಡಿತು ನೋಡಿ, ಕುದುರೆ! ಆದರೆ ಕನ್ನಡ ಬಂದಲ್ಲೆಲ್ಲ ಖಾಲಿ ಚೌಕದ ಸಾಲು. ಕೊನೆಗೆ ಡೆಬಿಯನ್, ಮೇಲೊಂದು ಹಗುರ ಹೊದಿಕೆ ಎಕ್ಸ್‌ಎಫ್‌ಸಿಇ. ಹಾಕುವ ನಡುವೆ ಕರೆಂಟ್ ಹೋಗಿ, ಮತ್ತೆ ಮೊದಲಿನಿಂದ. ರಾತ್ರಿ ಹನ್ನೊಂದಕ್ಕೆ ಯಂತ್ರ ಎದ್ದು ಕೂತಿತು. ಕೀಲಿಮಣೆಯ ಪಟ್ಟಿಯಲ್ಲಿ "ಕಗಪ" ಎಂಬ ಹೆಸರು ಕಂಡು ಕಾಕಾ ಕುರ್ಚಿ ಮುಂದಕ್ಕೆಳೆದರು. ಕನ್ನಡ ಗಣಕ ಪರಿಷತ್ತಿನ ಹೆಸರು ಅದು! ಕೆ.ಪಿ. ರಾಯರ ವಿನ್ಯಾಸದ ಅದೇ ಜೋಡಣೆ, ನುಡಿಯಲ್ಲಿ ಕಾಕಾನ ಬೆರಳು ಪಳಗಿದ್ದೇ ಅದರ ಮೇಲೆ.

ಸಂತೋಷ ಐದು ನಿಮಿಷ. ಪದಗಳ ಕಡತ ತೆಗೆದರೆ ಪರದೆ ತುಂಬ ಟೊಪ್ಪಿಗಿ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳು. ಕಾಕಾನ ಮುಖ ಬಿಳಿಚಿತು. "ಏನಪಾ ಇದು, ನನ್ನ ಮುದುಕೇರು ಎಲ್ಲಿ ಹ್ವಾದ್ರು?"

"ಗಾಬರಿ ಆಗಬ್ಯಾಡ್ರಿ ಕಾಕಾ, ಒಳಗ ಅದಾರ."

ಸಂಗತಿ ಹೀಗಿದೆ. ಹಳೆಯ ನುಡಿ, ಬರಹಗಳ ಕಾಲದಲ್ಲಿ ಕನ್ನಡದ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗೆ ಕೂರಿಸಿದ್ದರು. ಆ ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಕಾಗೆಕಾಲು. ಕನ್ನಡಕ್ಕೆ ಸ್ವಂತ ಮನೆ ಕೊಟ್ಟದ್ದು ಯೂನಿಕೋಡ್. ಅದರ ಮೊದಲ ಆವೃತ್ತಿಯೂ 1991ರದ್ದೇ. ನಮ್ಮ ಕಚೇರಿ, ಮುದ್ರಣಾಲಯ, ಮಾಸ್ತರರು ಆ ಮನೆಗೆ ಹೋಗಲು ಇಪ್ಪತ್ತು ವರ್ಷ ತಡ ಮಾಡಿದರು. ಹಳೆಯ ಫಾಂಟನ್ನು ಲಿನಕ್ಸಿಗೆ ನಕಲು ಮಾಡಿದಾಗ ಪದಗಳೇನೋ ಕಂಡವು. ಆದರೆ "ಬೀಸುಕಲ್ಲು" ಎಂದು ಹುಡುಕಿದರೆ ಒಂದೂ ಸಿಗದು, ಏಕೆಂದರೆ ಒಳಗೆ ಇರುವುದು ಕನ್ನಡವಲ್ಲ.

ಇದಕ್ಕೂ ಮುಕ್ತ ತಂತ್ರಾಂಶದಲ್ಲೇ ಮದ್ದಿದೆ. ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳನ್ನು ರಚಿಸಿ ಎಲ್ಲರಿಗೂ ಬಿಟ್ಟುಕೊಟ್ಟ ಅರವಿಂದ ವಿ.ಕೆ. ಅವರೇ ಹಳೆಯ ಬರಹವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕವನ್ನೂ ಬರೆದು ಹೊರಗಿಟ್ಟಿದ್ದಾರೆ. ಪುಟ ಪುಟವಾಗಿ ಹಾಕಿದೆ, ಕನ್ನಡವಾಗಿ ಬಂತು. ಕೈಕೊಡುವುದು ಅರ್ಕಾವತ್ತಿನಲ್ಲಿ. ಹಳೆಯ ಪದ್ಧತಿಯಲ್ಲಿ ಅದು ಕಣ್ಣಿಗೆ ಕಾಣುವ ಹಾಗೆ ಅಕ್ಷರದ ಹಿಂದೆ ಕೂರುತ್ತದೆ, ಯೂನಿಕೋಡಿನಲ್ಲಿ ಉಚ್ಚಾರದ ಹಾಗೆ ಮುಂದೆ ಬರಬೇಕು. ಸೂರ್ಯ, ಧರ್ಮ, ಕರ್ಪೂರ ಬಂದಲ್ಲಿ ಕಣ್ಣಿಟ್ಟು ನೋಡಲೇಬೇಕು.

ನಮ್ಮಲ್ಲಿ ಇದೆಲ್ಲ ಹುಚ್ಚರ ಆಟವೆನ್ನುವವರು ಕಾಸರಗೋಡಿನ ಕಡೆ ನೋಡಬೇಕು. ಕೇರಳ ಸರಕಾರ ತನ್ನ ಶಾಲೆಗಳ ಕಂಪ್ಯೂಟರ್ ಪಾಠವನ್ನು ಲಿನಕ್ಸಿನ ಮೇಲೆಯೇ ನಡೆಸುತ್ತಿದೆ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಆ ಪಾಠದ ಪುಸ್ತಕವೂ ಕನ್ನಡದಲ್ಲಿದೆ. ಗಡಿಯಾಚೆ ಕನ್ನಡದ ಕೂಸುಗಳು ಕಲಿತದ್ದನ್ನು ಇಲ್ಲಿ, ವಿಶ್ವವಿದ್ಯಾಲಯದ ಮಗ್ಗುಲಿನ ನಮ್ಮ ಹುಡುಗರು ಕಲಿಯಲಾರರೇ? ಧೂಳು ತಿನ್ನುವ ಹಳೆಯ ಯಂತ್ರಗಳನ್ನು ಹರಾಜಿಗೆ ಹಾಕುವ ಮುಂಚೆ ಶಾಲೆಗಳ ಮುಖ್ಯಸ್ಥರು ಒಂದು ಪೆನ್‌ಡ್ರೈವ್ ಚುಚ್ಚಿ ನೋಡಲಿ. ಹಾಗೆ ನೋಡುವುದಕ್ಕೆ ಒಳಗಿದ್ದದ್ದನ್ನು ಅಳಿಸಬೇಕಾಗಿಲ್ಲ.

ಇಷ್ಟಾದರೂ ಎಲ್ಲ ಸುಗಮವಲ್ಲ. ಕಾಕಾನ ಹಳೆಯ ಪ್ರಿಂಟರು ಲಿನಕ್ಸಿನ ಮೇಲೆ ಮುನಿಸಿಕೊಂಡಿದೆ, ಮೂರು ಭಾನುವಾರ ರಮಿಸಿದರೂ ಒಂದು ಹಾಳೆ ಉಗುಳಿಲ್ಲ. ತಿದ್ದಿದ ಪುಟಗಳನ್ನು ಪಿಡಿಎಫ್ ಮಾಡಿ ಸೂಪರ್ ಮಾರ್ಕೆಟಿನ ಝೆರಾಕ್ಸ್ ಅಂಗಡಿಗೆ ಒಯ್ಯುತ್ತೇನೆ. ಕಾಕಾ ಕೆಂಪು ಪೆನ್ನು ಹಿಡಿದು ಅರ್ಕಾವತ್ತು ಹುಡುಕುತ್ತ ಕೂತಿದ್ದಾರೆ, ಶಾಲೆಯ ಮಕ್ಕಳ ಉತ್ತರಪತ್ರಿಕೆ ತಿದ್ದಿದ ಹಾಗೆ. ನೂರಾ ಹತ್ತು ಪುಟ ಮುಗಿದಿದೆ.