ಶಾಯಿ ಇಲ್ಲದ ಮತ

ಹಾಸನ ಜಿಲ್ಲೆಯ ಕೆ. ಹೊಸಕೋಟೆ ಹೋಬಳಿಯ ತೋಟಗಳಲ್ಲಿ ಬೆಳಗಿನ ಕೆಲಸ ಶುರುವಾಗುವುದು ಮೊಬೈಲಿನಿಂದ. ರಾತ್ರಿ ಆನೆ ಯಾವ ಕಡೆ ದಾಟಿತು, ಈಗ ಯಾರ ತೋಟದಲ್ಲಿ ನಿಂತಿದೆ ಎಂಬುದು ಗೊತ್ತಾಗದೆ ಕಾಫಿ ಕೊಯ್ಲಿಗೆ ಆಳು ಕಳಿಸಲು ಯಾರಿಗೂ ಧೈರ್ಯ ಬರುವುದಿಲ್ಲ. ಆಲೂರು, ಸಕಲೇಶಪುರ ಭಾಗದಲ್ಲಿ ಅರಣ್ಯ ಇಲಾಖೆಯೂ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಎಂಬ ಸಂಸ್ಥೆಯೂ ಸೇರಿ ಎಸ್‌ಎಂಎಸ್, ಧ್ವನಿ ಕರೆ, ರಸ್ತೆ ಬದಿಯ ಎಲ್‌ಇಡಿ ಫಲಕಗಳ ಮೂಲಕ ಆನೆಯ ಸುಳಿವು ಕೊಡುವ ಏರ್ಪಾಡು ಮಾಡಿವೆ. ಅದರ ಪಕ್ಕದಲ್ಲೇ ಊರವರ ವಾಟ್ಸ್‌ಆ್ಯಪ್ ಗ್ರೂಪುಗಳೂ ಬೆಳೆದವು. ಜೀವ ಉಳಿಸುವ ಸುದ್ದಿ ಎಲ್ಲಿಂದ ಬರುತ್ತದೋ ಅದನ್ನು ಜನ ನಂಬುತ್ತಾರೆ. ಆ ನಂಬಿಕೆಯ ಮೇಲೆ ಈಗ ಇನ್ನೊಂದು ಹೊರೆ ಬೀಳುತ್ತಿದೆ: ಊರಿನ ತೀರ್ಮಾನ.

ವಾಟ್ಸ್‌ಆ್ಯಪ್ 2022ರ ನವೆಂಬರಿನಲ್ಲಿ ‘ಪೋಲ್’ ಸೌಲಭ್ಯ ತಂದಿತು. ಪ್ರಶ್ನೆ ಬರೆದು, ಕೆಳಗೆ ಹನ್ನೆರಡರವರೆಗೆ ಆಯ್ಕೆ ಕೊಟ್ಟು ಗ್ರೂಪಿಗೆ ಬಿಟ್ಟರಾಯಿತು. ಜಾತ್ರೆಯ ವಂತಿಗೆ ಎಷ್ಟು, ರಸ್ತೆ ಕೆಲಸ ಮೊದಲು ಯಾವ ಕಡೆಯಿಂದ, ಆನೆ ತಡೆಯಲು ಸೋಲಾರ್ ಬೇಲಿಯೋ ರೈಲು ಹಳಿಯ ಬೇಲಿಯೋ, ಏನನ್ನು ಬೇಕಾದರೂ ಕೇಳಬಹುದು. ಬೆಳಗ್ಗೆ ಹಾಕಿದ ಪ್ರಶ್ನೆಗೆ ಸಂಜೆಯೊಳಗೆ ‘ಊರು ಒಪ್ಪಿದೆ’ ಎಂಬ ಉತ್ತರ ಸಿಕ್ಕಿಬಿಡುತ್ತದೆ. ನನ್ನ ತಕರಾರು ಈ ಕೊನೆಯ ಮಾತಿನ ಮೇಲೆ. ಫೋನಿನಲ್ಲಿ ಮತ ಕೇಳುವುದು ತಪ್ಪಲ್ಲ. ಅದು ನ್ಯಾಯವಾಗಿ ನಡೆಯಬೇಕಾದರೆ ಮುಖ್ಯವಾದ ಕೆಲಸವೆಲ್ಲ ಪೋಲ್ ಹಾಕುವುದಕ್ಕೆ ಮೊದಲೇ ಆಗಿರಬೇಕು.

ಇಲ್ಲಿ ಕೇಳಬೇಕಾದ ಪ್ರಶ್ನೆಗಳಂತೂ ಸಣ್ಣವಲ್ಲ. ಹೈಕೋರ್ಟಿನ ಸೂಚನೆಯಂತೆ ರಚನೆಯಾದ ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. ಅದರ ಬಳಿಕ ಆಲೂರು ಸುತ್ತಮುತ್ತಲಿಂದ 22 ಆನೆಗಳನ್ನು ಹಿಡಿದು ಸಾಗಿಸಿದರು. ಆದರೂ ಸಮಸ್ಯೆ ಮುಗಿಯಲಿಲ್ಲ. 2023ರ ಆಗಸ್ಟ್ 31ರಂದು ಆಲೂರು ತಾಲ್ಲೂಕಿನಲ್ಲಿ ಗಾಯಗೊಂಡ ಆನೆಗೆ ಅರಿವಳಿಕೆ ಕೊಡಲು ಹೋದ ಇಲಾಖೆಯ ಸಿಬ್ಬಂದಿಯೊಬ್ಬರು ಪ್ರಾಣ ಕಳೆದುಕೊಂಡರು. ಅದೇ ವರ್ಷದ ಡಿಸೆಂಬರ್ 4ರಂದು, ಎಂಟು ಸಲ ದಸರಾ ಅಂಬಾರಿ ಹೊತ್ತಿದ್ದ ಸಾಕಾನೆ ಅರ್ಜುನ ಯಸಳೂರು ವಲಯದಲ್ಲಿ ಕಾಡಾನೆಯೊಡನೆ ಕಾದಾಡಿ ಸತ್ತ. ಬೇಲಿ ಹಾಕಬೇಕೋ, ಆನೆ ಹಿಡಿಸಬೇಕೋ ಎಂದು ಕೇಳುವ ಪೋಲ್ ಈ ಸಾವುಗಳ ನಡುವೆ ನಿಂತು ಕೇಳುವ ಪ್ರಶ್ನೆ.

ಮೊದಲು ಎದುರಾಗುವುದು ಪಟ್ಟಿ. ಚುನಾವಣೆಯ ಮತದಾರರ ಪಟ್ಟಿಗೆ ಕರಡು ಪ್ರಕಟವಾಗುತ್ತದೆ, ಆಕ್ಷೇಪಣೆಗೆ ಕಾಲಾವಕಾಶ ಇರುತ್ತದೆ, ಹೆಸರು ಬಿಟ್ಟುಹೋದವರು ಅರ್ಜಿ ಕೊಡಬಹುದು. ಗ್ರೂಪಿನಲ್ಲಿ ಯಾರಿರಬೇಕು ಎಂಬುದನ್ನು ಗೊತ್ತುಮಾಡುವುದು ಹೆಚ್ಚಾಗಿ ಅಡ್ಮಿನ್ ಒಬ್ಬರೇ. ಬೆಂಗಳೂರಿನಲ್ಲಿ ನೆಲೆಸಿ ಹಬ್ಬಕ್ಕೆ ಬಂದುಹೋಗುವ ಮಗ ಗ್ರೂಪಿನಲ್ಲಿರುತ್ತಾನೆ, ವರ್ಷವಿಡೀ ತೋಟ ನೋಡಿಕೊಳ್ಳುವ ತಾಯಿ ಇರುವುದಿಲ್ಲ. ಮನೆಗೊಂದು ನಂಬರ್ ಸೇರಿಸಿಕೊಂಡರೆ ಅದು ಯಜಮಾನರ ನಂಬರೇ ಆಗುತ್ತದೆ. ಲೈನ್ ಮನೆಗಳಲ್ಲಿ ಇದ್ದು, ಮಂಜು ಕವಿದ ಹೊತ್ತಿನಲ್ಲಿ ಕಾಲುದಾರಿಯಲ್ಲಿ ಕೆಲಸಕ್ಕೆ ನಡೆದುಹೋಗುವ ಹೆಂಗಸರಿಗೆ ಆನೆಯ ಭಯ ಎಲ್ಲರಿಗಿಂತ ಹೆಚ್ಚು. ಆನೆ ಬೇಲಿಯ ಪೋಲ್ ಅವರ ಫೋನಿಗೆ ಬರುವುದೇ ಇಲ್ಲ.

ಹಾಗೆಂದು ಎಲ್ಲದಕ್ಕೂ ಒಂದೇ ಪಟ್ಟಿ ಸಾಲದು. ಈ ಹೊಸಕೋಟೆ ಕೆಂಚಮ್ಮನ ಹೊಸಕೋಟೆ. ಆ ತಾಯಿಗೆ ನಡೆದುಕೊಳ್ಳುವವರು ಒಂದು ಪಂಚಾಯಿತಿಯ ಗಡಿಯೊಳಗೆ ನಿಲ್ಲುವವರಲ್ಲ. 1908ರಲ್ಲಿ ಹಾಸನದಲ್ಲಿ ಹುಟ್ಟಿದ ರಾಜಾರಾವ್ 1938ರ ‘ಕಾಂತಾಪುರ’ ಕಾದಂಬರಿಯಲ್ಲಿ ಕೆಂಚಮ್ಮನನ್ನು ಊರದೇವತೆಯಾಗಿ ಪ್ರಪಂಚಕ್ಕೇ ಪರಿಚಯಿಸಿದರು. ಜಾತ್ರೆಯ ಮಾತಿಗೆ ಬಂದರೆ ದೂರದ ಊರಿಗೆ ಮದುವೆಯಾಗಿ ಹೋದ ಹೆಣ್ಣುಮಗಳಿಗೂ ಹೇಳುವ ಹಕ್ಕಿದೆ ಎಂದು ನಾನು ನಂಬುತ್ತೇನೆ. ಕುಡಿಯುವ ನೀರಿನ ಪೈಪು ಎಲ್ಲಿ ಹಾಯಬೇಕು ಎಂಬುದು ಆ ಬೀದಿಯಲ್ಲಿ ಇಂದು ಕೊಡ ಹಿಡಿಯುವವರ ಮಾತು. ನಿರ್ಣಯದ ಬಿಸಿ ಯಾರಿಗೆ ತಟ್ಟುತ್ತದೆ ಎಂದು ಪ್ರತಿಸಲವೂ ಕೇಳಿಕೊಂಡು ಪಟ್ಟಿ ಮಾಡಬೇಕು, ಮಾಡಿದ್ದನ್ನು ಎಲ್ಲರಿಗೂ ಕಾಣುವಂತೆ ಅಂಟಿಸಬೇಕು.

ಗ್ರಾಮಸಭೆಯ ವಿಷಯದಲ್ಲಿ ನಮ್ಮ ಕಾನೂನು ಇದನ್ನು ಹಿಂದೆಯೇ ಯೋಚಿಸಿದೆ. 1993ರ ಪಂಚಾಯತ್ ರಾಜ್ ಕಾಯ್ದೆಯಡಿ ಸಭೆಗೆ ಕೋರಂ ಬೇಕು. ಮಹಿಳೆಯರ, ಪರಿಶಿಷ್ಟ ಜಾತಿ ಮತ್ತು ಪಂಗಡದವರ ಹಾಜರಿಯ ಬಗೆಗೂ ಅದರಲ್ಲಿ ಮಾತಿದೆ. ಗ್ರಾಮಸಭೆಗಳು ಎಷ್ಟೋ ಕಡೆ ಕಾಟಾಚಾರಕ್ಕೆ ನಡೆಯುತ್ತವೆ ಎಂಬ ದೂರು ಸುಳ್ಳಲ್ಲ. ಆದರೆ ಕೋರಂ ಇಲ್ಲ, ಸಭೆ ಮುಂದೂಡಿ ಎಂದು ಅಲ್ಲಿ ಯಾರಾದರೂ ಎದ್ದು ನಿಂತು ಹೇಳಬಹುದು. ಪೋಲಿಗೆ ಕೋರಂ ಎಂಬುದೇ ಇಲ್ಲ. ಇನ್ನೂರು ಜನರ ಗ್ರೂಪಿನಲ್ಲಿ ಮೂವತ್ತು ಮಂದಿ ಒತ್ತಿ, ಅದರಲ್ಲಿ ಹದಿನೇಳು ಒಂದು ಕಡೆಗೆ ಬಿದ್ದರೆ ಅದೂ ಬಹುಮತವಾಗಿಬಿಡುತ್ತದೆ.

ಪಟ್ಟಿಗಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಗುಟ್ಟಿನ ಪ್ರಶ್ನೆ. ಈ ಗ್ರೂಪ್ ಪೋಲಿನಲ್ಲಿ ಯಾರು ಯಾವುದಕ್ಕೆ ಒತ್ತಿದರು ಎಂಬುದು ಹೆಸರು ಸಮೇತ ಎಲ್ಲರಿಗೂ ಕಾಣುತ್ತದೆ. ತೋಟದ ಸಾಹುಕಾರರು, ರೈಟರು, ಮೇಸ್ತ್ರಿ, ಆಳುಗಳು ಒಂದೇ ಗ್ರೂಪಿನಲ್ಲಿ ಇದ್ದಾರೆ ಎಂದುಕೊಳ್ಳಿ. ಸಾಹುಕಾರರು ಮೊದಲು ಒತ್ತುತ್ತಾರೆ. ಇರುವ ಲೈನ್ ಮನೆ ಅವರದು, ಮಗಳ ಮದುವೆಗೆ ತಂದ ಮುಂಗಡ ಅವರದು. ಅವರು ಬೆದರಿಸಬೇಕಾಗಿಲ್ಲ, ಒಳ್ಳೆಯವರೇ ಆಗಿರಬಹುದು. ‘ಸಾವ್ಕಾರ್ರು ಅದುಕ್ಕೆ ಹಾಕವ್ರೆ, ನಾವೆಂಗೆ ಬ್ಯಾರೇದುಕ್ಕೆ ಒತ್ತದು?’ ಎಂಬ ಒಂದು ಮಾತಿನಲ್ಲಿ ಮತ ಮುಗಿದುಹೋಗುತ್ತದೆ. ಅಣ್ಣತಮ್ಮಂದಿರ ನಡುವೆ, ಅತ್ತೆ ಸೊಸೆಯರ ನಡುವೆಯೂ ಇದೇ ಕಥೆ. 2013ರ ಸೆಪ್ಟೆಂಬರ್ 27ರಂದು ‘ನೋಟಾ’ ಕುರಿತ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು ಈ ಗುಟ್ಟನ್ನೇ. ಅಲ್ಲಿಯವರೆಗೆ ಯಾರಿಗೂ ಮತ ಬೇಡ ಎನ್ನುವವರು ಮತಗಟ್ಟೆಯ ಅಧಿಕಾರಿಯ ಮುಂದೆ ಹೇಳಿ ರಿಜಿಸ್ಟರಿನಲ್ಲಿ ಬರೆಸಬೇಕಿತ್ತು. ಬೇಡ ಎನ್ನುವವರಿಗೂ ಗುಟ್ಟು ಉಂಟು ಎಂದಿತು ಕೋರ್ಟು.

2005ರಿಂದ ಇಂಟರ್ನೆಟ್ಟಿನಲ್ಲಿ ಮತ ಹಾಕುತ್ತಿರುವ ಎಸ್ಟೋನಿಯಾ ದೇಶ ಈ ಒತ್ತಡಕ್ಕೆ ಒಂದು ದಾರಿ ಹುಡುಕಿದೆ. ಅಲ್ಲಿ ಒಬ್ಬರು ಎಷ್ಟು ಸಲ ಬೇಕಾದರೂ ಮತ ಬದಲಿಸಬಹುದು, ಕೊನೆಯದು ಮಾತ್ರ ಲೆಕ್ಕಕ್ಕೆ. ಮತಗಟ್ಟೆಗೆ ಹೋಗಿ ಕಾಗದದಲ್ಲಿ ಹಾಕಿದರೆ ಆನ್‌ಲೈನ್ ಮತ ರದ್ದು. ಪಕ್ಕದಲ್ಲಿ ಕೂತು ಒತ್ತಿಸಿದವರು ಎದ್ದುಹೋದ ಮೇಲೆ ತನಗೆ ಬೇಕಾದ್ದನ್ನು ಒತ್ತಲು ದಾರಿ ಉಳಿಯುತ್ತದೆ. 2023ರ ಸಂಸತ್ ಚುನಾವಣೆಯಲ್ಲಿ ಅಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಹೀಗೆ ಆನ್‌ಲೈನಿನಲ್ಲೇ ಬಿದ್ದವು.

ಗುಟ್ಟು ಉಳಿಯಬೇಕು, ಒಬ್ಬರೇ ಎರಡು ಮತ ಹಾಕಲೂ ಬಾರದು. ಈ ಎರಡನ್ನೂ ಒಟ್ಟಿಗೆ ಸಾಧಿಸಿದ ಸರಳ ವಸ್ತು ನಮ್ಮ ಮೈಸೂರಿನದೇ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ ಶುರುವಾದ ಮೈಸೂರಿನ ಬಣ್ಣ ಮತ್ತು ಅರಗಿನ ಕಾರ್ಖಾನೆ 1962ರ ಮಹಾಚುನಾವಣೆಯಿಂದ ಅಳಿಸಲಾಗದ ಶಾಯಿ ಕೊಡುತ್ತಿದೆ. ಬೆರಳಿನ ಆ ಗೆರೆ ನೀವು ಮತ ಹಾಕಿದ್ದೀರಿ ಎಂದು ಹೇಳುತ್ತದೆ, ಯಾರಿಗೆ ಎಂದು ಹೇಳುವುದಿಲ್ಲ. ಫೋನಿನಲ್ಲಿ ಆ ಗೆರೆಯ ಜಾಗಕ್ಕೆ ಒಟಿಪಿ ಬಂದಿದೆ. ಆದರೆ ಎರಡು ಸಿಮ್ ಇರುವವನಿಗೆ ಎರಡು ಒಟಿಪಿ, ನಾಲ್ವರಿಗೆ ಒಂದೇ ಫೋನಿರುವ ಮನೆಗೆ ಒಂದೇ. 2025ರ ಜೂನ್ 28ರಂದು ಬಿಹಾರದ ರಾಜ್ಯ ಚುನಾವಣಾ ಆಯೋಗ ಪುರಸಭೆಗಳ ಚುನಾವಣೆಯಲ್ಲಿ ವಯಸ್ಸಾದವರು, ಗರ್ಭಿಣಿಯರು, ವಲಸೆ ಹೋದವರಿಗೆ ಮೊಬೈಲ್ ಆ್ಯಪಿನಲ್ಲಿ ಮತ ಹಾಕಲು ಬಿಟ್ಟಾಗ ಒಂದು ನಂಬರಿನಿಂದ ಇಬ್ಬರು ಮತದಾರರವರೆಗೆ ಎಂದು ಮಿತಿ ಹಾಕಿತ್ತು. ಒಂದು ಫೋನನ್ನು ಹಂಚಿಕೊಳ್ಳುವ ಮನೆಗಳಿಗೆ ಅದರಿಂದ ಅಷ್ಟಾದರೂ ಅನುಕೂಲ.

ಇನ್ನು ಎಣಿಕೆ. ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ 2009ರ ಮಾರ್ಚಿನಲ್ಲಿ ಆ ದೇಶದ ಮತಯಂತ್ರಗಳ ಬಳಕೆಯನ್ನು ಅಸಾಂವಿಧಾನಿಕ ಎಂದಿತು. ವಿಶೇಷ ತಾಂತ್ರಿಕ ಜ್ಞಾನ ಇಲ್ಲದ ಸಾಮಾನ್ಯ ನಾಗರಿಕರೂ ಮತದಾನದ ಮುಖ್ಯ ಹಂತಗಳನ್ನು ತಾವೇ ಪರಿಶೀಲಿಸಲು ಆಗಬೇಕು ಎಂಬುದು ಅದರ ಕಾರಣ. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಬಂದ ಅತಿ ಮುಖ್ಯ ಮಾತು ಅದು. ಸೋತವರಿಗೆ ಎಣಿಕೆ ಸರಿಯಿದೆ ಎಂದು ಕಾಣಬೇಕು. ಗೆದ್ದವರು ಹೇಗೂ ನಂಬುತ್ತಾರೆ. ಬಹಳ ಬುದ್ಧಿವಂತ ಏರ್ಪಾಡೂ ಕೈಕೊಡಬಹುದು. ಗೂಢಲಿಪಿ ತಜ್ಞರ ಅಂತರರಾಷ್ಟ್ರೀಯ ಸಂಘ 2025ರಲ್ಲಿ ತನ್ನ ಆನ್‌ಲೈನ್ ಚುನಾವಣೆಯ ಫಲಿತಾಂಶ ತೆರೆಯಲಾರದೆ ಮತ್ತೆ ಮತದಾನ ನಡೆಸಬೇಕಾಯಿತು. ಮೂವರ ಹತ್ತಿರ ಒಂದೊಂದು ರಹಸ್ಯ ಕೀಲಿ ಇತ್ತು, ಮೂರೂ ಸೇರಿದರೆ ಮಾತ್ರ ಮತಪೆಟ್ಟಿಗೆ ತೆರೆಯುತ್ತಿತ್ತು, ಒಬ್ಬರ ಕೀಲಿ ಕಳೆದುಹೋಯಿತು. ಆಮೇಲೆ ಮೂರರಲ್ಲಿ ಎರಡು ಸಾಕು ಎಂದು ಬದಲಿಸಿಕೊಂಡರು. ದೇವಸ್ಥಾನದ ಹುಂಡಿಯನ್ನು ನಾಲ್ಕು ಜನರ ಎದುರು ತೆರೆದು ಎಣಿಸುವಂತೆ, ಆನ್‌ಲೈನ್ ಮತದ ಲೆಕ್ಕವೂ ಒಬ್ಬ ಅಡ್ಮಿನ್ನಿನ ಫೋನಿನೊಳಗೆ ಉಳಿಯಕೂಡದು.

ಪ್ರಶ್ನೆ ಬರೆಯುವುದರಲ್ಲೂ ಅಷ್ಟೇ ಎಚ್ಚರ ಬೇಕು. ಸೋಲಾರ್ ಬೇಲಿ, ಹಳಿ ಬೇಲಿ, ಆನೆ ಹಿಡಿಸುವುದು ಎಂದು ಮೂರು ಆಯ್ಕೆ ಕೊಟ್ಟರೆ ಬೇಲಿ ಬೇಕೆನ್ನುವವರು ಎರಡು ಪಾಲಾಗುತ್ತಾರೆ. ಅವರೇ ಹೆಚ್ಚಿದ್ದರೂ ಮೂರನೆಯದು ಗೆಲ್ಲಬಹುದು. ಒಂದಕ್ಕಿಂತ ಹೆಚ್ಚು ಉತ್ತರ ಆರಿಸಲು ಬಿಡುವ ಸ್ವಿಚ್ಚೊಂದು ಪೋಲಿನಲ್ಲಿದೆ. ಅದು ಆನ್ ಇದೆಯೋ ಆಫ್ ಇದೆಯೋ ನೋಡದೆ ಹಾಕಿದರೆ ಲೆಕ್ಕದ ಅರ್ಥವೇ ಬದಲಾಗುತ್ತದೆ.

ಮತ ಯಾವ ಪ್ರಶ್ನೆಗೆ ಉತ್ತರ ಎಂಬುದೂ ಸ್ಪಷ್ಟವಿರಬೇಕು. 2023ರ ಫೆಬ್ರುವರಿಯಲ್ಲಿ ಪ್ರಕಟವಾದ ‘ಕರ್ನಾಟಕದ ಏಳು ಅದ್ಭುತಗಳು’ ಪಟ್ಟಿಗೆ ಜನರಿಂದ ಮತ ಪಡೆದಿದ್ದರು. ನಮ್ಮ ಜಿಲ್ಲೆಯಿಂದ ಗೊಮ್ಮಟ ಬಂದ, ಬೇಲೂರು ಹಳೇಬೀಡು ಬರಲಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಯುನೆಸ್ಕೊ ಬೇಲೂರು, ಹಳೇಬೀಡು, ಸೋಮನಾಥಪುರಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಭಿಮಾನ ಅಳೆಯಲು ಒಂದು ದಾರಿ, ಪರಿಶೀಲಿಸಿ ತೀರ್ಮಾನಿಸಲು ಇನ್ನೊಂದು. ಕೆರೆ ಏರಿ ಎಷ್ಟು ಗಟ್ಟಿ ಎಂಬುದನ್ನು ಇಂಜಿನಿಯರ್ ನೋಡಬೇಕು, ಪೋಲ್ ಹೇಳಲಾರದು.

ಮತಕ್ಕೆ ಹಾಕಲೇಬಾರದ ಸಂಗತಿಗಳೂ ಇವೆ. ಸಕಲೇಶಪುರದ ಹೆತ್ತೂರು ಕಡೆಯ ಕೆಲವು ಊರಿನ ಜನ ಆನೆ ಕಾಟಕ್ಕೆ ಸೋತು, ಪರಿಹಾರ ಕೊಟ್ಟರೆ ಜಮೀನು ಬಿಟ್ಟುಕೊಡುತ್ತೇವೆ ಎಂದು ಮುಂದೆ ಬಂದದ್ದುಂಟು. ಅದು ಒಂದೊಂದು ಮನೆಯವರೂ ಕೂತು ಮಾಡಬೇಕಾದ ನಿರ್ಧಾರ. ಜಮೀನಿನ ವಿಷಯದಲ್ಲಿ ಕಾನೂನಿಗೂ ಬರೀ ಬಹುಮತ ಸಾಲದು: ಖಾಸಗಿ ಯೋಜನೆಗೆ ಸರ್ಕಾರ ಭೂಮಿ ವಶಪಡಿಸಿಕೊಳ್ಳಬೇಕಾದರೆ ಶೇ 80ರಷ್ಟು ಬಾಧಿತ ಕುಟುಂಬಗಳ ಒಪ್ಪಿಗೆ ಬೇಕು ಎಂದು 2013ರ ಭೂಸ್ವಾಧೀನ ಕಾಯ್ದೆ ಹೇಳುತ್ತದೆ. ಒಬ್ಬರ ಮನೆ, ಒಬ್ಬರ ದಾರಿ, ಒಂದು ಕೇರಿಗೆ ನೀರು ಬಿಡುವುದು, ಇವು ಅರ್ಧಕ್ಕಿಂತ ಒಂದು ಹೆಚ್ಚು ಒತ್ತಿಗೆ ಸಿಗುವ ಸರಕುಗಳಲ್ಲ.

ಹಾಗಾದರೆ ಕೆ. ಹೊಸಕೋಟೆಯಂಥ ಕಡೆ ಹೇಗೆ ಮಾಡಬಹುದು? ಗ್ರೂಪ್ ಪೋಲನ್ನು ಹರಟೆಗೆ, ಸಭೆಯ ದಿನ ಗೊತ್ತುಮಾಡಲು ಇಟ್ಟುಕೊಳ್ಳೋಣ. ದುಡ್ಡು, ಜಮೀನು, ಜೀವದ ವಿಷಯಕ್ಕೆ ಹೆಸರು ಕಾಣದ, ಫಲಿತಾಂಶ ನಡುವೆ ತೋರಿಸದ ಮತ ಬೇಕು. ಪ್ರಶ್ನೆಯನ್ನು ಮೊದಲು ಗ್ರಾಮಸಭೆಯಲ್ಲಿ ಓದಿ, ವಿರೋಧಿಸುವವರ ಒಪ್ಪಿಗೆಯೊಂದಿಗೆ ಅದರ ಮಾತುಗಳನ್ನು ತಿದ್ದಬೇಕು. ಮಳೆಗಾಲದಲ್ಲಿ ಕರೆಂಟು ಹೋದರೆ ಟವರೂ ಮಲಗುವ ಊರುಗಳಿವು, ಆದ್ದರಿಂದ ಸಂತೆಯ ದಿನ, ಭಾನುವಾರ ಎರಡೂ ಸೇರಿದ ಒಂದು ವಾರ ಮತ ತೆರೆದಿರಬೇಕು. ಫೋನಿಲ್ಲದವರಿಗೆ, ಫೋನಿದ್ದೂ ಅದರಲ್ಲಿ ಒತ್ತಲು ಅಂಜುವವರಿಗೆ ಅಂಗನವಾಡಿಯಲ್ಲೋ ನ್ಯಾಯಬೆಲೆ ಅಂಗಡಿಯಲ್ಲೋ ಚೀಟಿ ಮತ್ತು ಬೀಗ ಹಾಕಿದ ಪೆಟ್ಟಿಗೆ ಇರಬೇಕು, ಚೀಟಿ ಹಾಕಿದರೆ ಫೋನಿನ ಮತ ರದ್ದಾಗಬೇಕು. ಎಣಿಕೆಗೆ ಎರಡೂ ಪಕ್ಷದವರು ಕೂರಬೇಕು. ಫಲಿತಾಂಶದ ಪಕ್ಕದಲ್ಲೇ ಪಟ್ಟಿಯಲ್ಲಿದ್ದವರೆಷ್ಟು, ಮತ ಹಾಕದವರೆಷ್ಟು ಎಂದು ಬರೆದು, ಅದನ್ನು ಮುಂದಿನ ಗ್ರಾಮಸಭೆಯ ನಡಾವಳಿ ಪುಸ್ತಕಕ್ಕೆ ಸೇರಿಸಿ, ತಕರಾರು ಇದ್ದವರ ಮಾತನ್ನೂ ಅದೇ ಪುಟದಲ್ಲಿ ದಾಖಲಿಸಬೇಕು.