ಮೊಳೆ ಕಾಣೆಯಾದರೂ ಮಾತು ಉಳಿಯಬೇಕು

ರಾತ್ರಿ ಮಲಗುವ ಮೊದಲು ಕಂಪ್ಯೂಟರಿನಲ್ಲಿ ಬರೆದಿಟ್ಟ ಕನ್ನಡದ ಬರಹವು, ಅದು ಸಂಘದ ವಾರ್ಷಿಕ ವರದಿಯಾಗಿರಲಿ, ಮಗಳ ಲಗ್ನಪತ್ರಿಕೆಯ ಕರಡಾಗಿರಲಿ, ಮನೆಯ ಹಿರಿಯರು ಹೇಳಿ ಬರೆಯಿಸಿದ ಜೀವನವೃತ್ತಾಂತವಾಗಿರಲಿ, ಬೆಳಗ್ಗೆ ತೆರೆದು ನೋಡುವ ವೇಳೆಗೆ ಖಾಲಿ ಚೌಕಗಳ ಸಾಲಾಗಿಯೋ ಯಾವ ಭಾಷೆಗೂ ಸೇರದ ಚಿಹ್ನೆಗಳ ರಾಶಿಯಾಗಿಯೋ ಮಾರ್ಪಟ್ಟಿದ್ದರೆ, ಬರೆದವರ ಎದೆ ಒಮ್ಮೆ ಝಲ್ಲೆನ್ನದೆ ಇರದು. ಆ ರಾತ್ರಿ ನಡೆದುದಿಷ್ಟೆ: ಯಂತ್ರಕ್ಕೆ ಆಧಾರಭೂತವಾದ ಆಪರೇಟಿಂಗ್ ಸಿಸ್ಟಮ್ ತನ್ನ ಹೊಸ ಆವೃತ್ತಿಯನ್ನು ತಾನೇ ಸ್ಥಾಪಿಸಿಕೊಂಡಿದೆ. ಬರಹವನ್ನು ಯಾರೂ ಮುಟ್ಟಿಲ್ಲ. ಆದರೂ ಬರಹ ಓದಲು ಬಾರದಂತಾಗಿದೆ.

ಇಂತಹ ಸಂದರ್ಭದಲ್ಲಿ ಎಲ್ಲವೂ ನಾಶವಾಯಿತೆಂದು ಬಗೆದು ಮೊದಲಿನಿಂದ ಬೆರಳಚ್ಚಿಸತೊಡಗುವವರುಂಟು. ಎಲ್ಲೆಲ್ಲಿಂದಲೋ ಫಾಂಟುಗಳನ್ನು ತಂದು ತುಂಬುವವರುಂಟು. ವಿಕಾರಗೊಂಡ ಕಡತವನ್ನೇ ಗಾಬರಿಯಲ್ಲಿ ಸೇವ್ ಮಾಡಿ, ಉಳಿದಿದ್ದುದನ್ನೂ ಕಳೆದುಕೊಳ್ಳುವವರುಂಟು. ರೋಗಕ್ಕಿಂತ ಅವಸರದ ಚಿಕಿತ್ಸೆಯೇ ಇಲ್ಲಿ ಹೆಚ್ಚು ಹಾನಿಕರ. ತೆರೆಯ ಮೇಲೆ ಕಾಣುತ್ತಿರುವುದು ಯಾವ ಬಗೆಯ ವಿಕಾರವೆಂಬುದನ್ನು ಸಾವಧಾನವಾಗಿ ಗುರುತಿಸಿದವರಿಗೆ ಅರ್ಧ ಪರಿಹಾರ ಆಗಲೇ ಕೈಗೂಡಿದಂತೆ.

ಪ್ರತಿ, ಮೊಳೆ, ಜೋಡಣೆ

ಹಿಂದಿನ ಅಚ್ಚುಕೂಟಗಳನ್ನು ಕಂಡವರಿಗೆ ಈ ವಿಷಯ ಸುಲಭವಾಗಿ ಮನವರಿಕೆಯಾಗುವುದು. ಅಲ್ಲಿ ಲೇಖಕನ ಕೈಬರಹದ ಪ್ರತಿ ಒಂದು. ಸೀಸದ ಮೊಳೆಗಳನ್ನು ವಿಂಗಡಿಸಿಟ್ಟ ಗೂಡುಗಳು ಇನ್ನೊಂದು. ಪ್ರತಿಯನ್ನು ನೋಡಿ ಮೊಳೆಗಳನ್ನು ಆಯ್ದು ಜೋಡಿಸುವ ಕಂಪೋಸಿಟರ್ ಮತ್ತೊಬ್ಬ. ಗೂಡಿನಲ್ಲಿ ಮೊಳೆ ತೀರಿದ ಮಾತ್ರಕ್ಕೆ ಲೇಖಕನ ಪ್ರತಿ ಅಳಿಯುವುದಿಲ್ಲ. ಜೋಡಿಸುವವನು ಅನುಭವವಿಲ್ಲದವನಾದರೆ ಮೊಳೆಗಳಿಗೆ ದೋಷ ಬರುವುದಿಲ್ಲ. ಕಂಪ್ಯೂಟರಿನಲ್ಲಿಯೂ ಈ ಮೂರು ಅಂಗಗಳಿವೆ.

ಅಲ್ಲಿನ ಕೈಬರಹದ ಪ್ರತಿಯೆಂದರೆ ಸಂಖ್ಯೆಗಳ ಒಂದು ಸಾಲು. ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ನೆಲೆಯನ್ನು ಗೊತ್ತುಪಡಿಸುವ ಯುನಿಕೋಡ್ ಸಂಕೇತವು 1991ರ ಅಕ್ಟೋಬರಿನಲ್ಲಿ ತನ್ನ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿರಿಸಿತು. ದಶಮಾನ ಪದ್ಧತಿಯಲ್ಲಿ ಹೇಳುವುದಾದರೆ 3200ರಿಂದ 3327ರವರೆಗಿನ ಸಂಖ್ಯೆಗಳು ನಮ್ಮವು. ಕಕಾರಕ್ಕೆ 3221, ನಕಾರಕ್ಕೆ 3240, ಡಕಾರಕ್ಕೆ 3233, ಅರ್ಧಾಕ್ಷರವನ್ನು ಸೂಚಿಸುವ ಹಲಂತ ಚಿಹ್ನೆಗೆ 3277. ‘ಕನ್ನಡ’ ಎಂದು ನಾವು ಬರೆದಾಗ ಯಂತ್ರವು ನೆನಪಿಟ್ಟುಕೊಳ್ಳುವುದು 3221, 3240, 3277, 3240, 3233 ಎಂಬ ಐದು ಸಂಖ್ಯೆಗಳನ್ನು ಮಾತ್ರ. ಈ ಸಂಖ್ಯೆಗಳಿಗೆ ಕಣ್ಣಿಗೆ ಕಾಣುವ ರೂಪವನ್ನೀಯುವ ಮೊಳೆಗಳ ಗೂಡೇ ಫಾಂಟ್. ಇನ್ನು ‘ಸ್ತ್ರೀ’ ಎಂಬ ಒಂದೇ ಅಕ್ಷರದ ಹಿಂದೆ ಆರು ಸಂಕೇತಗಳಿರುವುದರಿಂದ, ಸಕಾರದ ಕೆಳಗೆ ತಕಾರದ ಒತ್ತನ್ನೂ ರಕಾರದ ಒತ್ತನ್ನೂ ಇರಿಸಿ ದೀರ್ಘವನ್ನು ಹೊಂದಿಸುವ ಕುಶಲಕರ್ಮಿಯೊಬ್ಬನು ಬೇಕು. ಆ ಕಾರ್ಯವನ್ನು ಆಪರೇಟಿಂಗ್ ಸಿಸ್ಟಮಿನ ಅಥವಾ ನಾವು ಬಳಸುವ ತಂತ್ರಾಂಶದ ಒಳಗಿರುವ ಲಿಪಿಜೋಡಣೆಯ ವಿಭಾಗವು ನಿರ್ವಹಿಸುತ್ತದೆ.

ಈ ಜೋಡಣೆ ಎಷ್ಟು ಸೂಕ್ಷ್ಮವಾದುದೆಂಬುದಕ್ಕೆ 2018ರ ಫೆಬ್ರವರಿಯಲ್ಲಿ ನಡೆದ ಪ್ರಸಂಗವೇ ಸಾಕ್ಷಿ. ನಮ್ಮ ‘ಜ್ಞಾ’ ಅಕ್ಷರಕ್ಕೆ ಸಮಾನವಾದ ತೆಲುಗಿನ ಒಂದು ಸಂಯುಕ್ತಾಕ್ಷರವು ಸಂದೇಶದಲ್ಲಿ ಬಂದೊಡನೆ ಐಫೋನಿನ ಆಪ್‌ಗಳು ಸ್ಥಗಿತಗೊಳ್ಳುತ್ತಿದ್ದುವು. ಅದೇ ತಿಂಗಳು ಆಪಲ್ ಸಂಸ್ಥೆ ಹೊರಡಿಸಿದ ಅಪ್‌ಡೇಟಿನಿಂದ ಆ ದೋಷ ನಿವಾರಣೆಯಾಯಿತು. ಅಲ್ಲಿ ದೋಷವಿದ್ದುದು ಅಕ್ಷರದಲ್ಲಲ್ಲ, ಅದನ್ನು ಜೋಡಿಸುವ ಕೈಯಲ್ಲಿ.

ವಿಕಾರಗಳ ಲಕ್ಷಣ, ಅವುಗಳ ಚಿಕಿತ್ಸೆ

ಅಕ್ಷರಗಳಿರಬೇಕಾದೆಡೆಯಲ್ಲಿ ಖಾಲಿ ಚೌಕಗಳು ಕಂಡರೆ, ಪ್ರತಿ ಸುರಕ್ಷಿತವಾಗಿದೆ, ಮೊಳೆ ಮಾತ್ರ ಇಲ್ಲವೆಂದು ತಿಳಿಯತಕ್ಕುದು. ತಂತ್ರಜ್ಞರು ಸೋಯಾ ಗಿಣ್ಣಿನ ತುಂಡುಗಳನ್ನು ನೆನೆದು ಈ ಚೌಕಗಳನ್ನು ಟೋಫು ಎಂದು ಕರೆಯುವರು. ಗೂಗಲ್ ಸಂಸ್ಥೆ ಎಲ್ಲ ಲಿಪಿಗಳಿಗೂ ರೂಪಿಸಿದ ಫಾಂಟುಗಳಿಗೆ ನೋಟೋ ಎಂಬ ಹೆಸರು ಬಂದುದು ‘ಟೋಫು ಬೇಡ’ ಎಂಬ ಅರ್ಥದಿಂದಲೇ. ಉಚಿತವಾಗಿ ದೊರೆಯುವ ನೋಟೋ ಸ್ಯಾನ್ಸ್ ಕನ್ನಡ, ಲೋಹಿತ್ ಕನ್ನಡ ಮುಂತಾದ ಯುನಿಕೋಡ್ ಫಾಂಟುಗಳಲ್ಲೊಂದನ್ನು ಸ್ಥಾಪಿಸಿಕೊಂಡರೆ ಬರಹ ಮತ್ತೆ ಪ್ರತ್ಯಕ್ಷವಾಗುವುದು.

ಅಕ್ಷರಗಳು ಕನ್ನಡವೇ ಆಗಿದ್ದು ಅವುಗಳ ಆಕಾರ ಬೇರೆಯಾಗಿದ್ದರೆ, ಸಾಲುಗಳು ಹಿಗ್ಗಿ ಅಥವಾ ಕುಗ್ಗಿ, ಹತ್ತು ಪುಟದ ಲೇಖನ ಹನ್ನೊಂದಕ್ಕೆ ಹರಿದಿದ್ದರೆ, ಒಂದು ಗೂಡಿನ ಬದಲು ಇನ್ನೊಂದರಿಂದ ಮೊಳೆ ತೆಗೆಯಲಾಗಿದೆಯೆಂದರ್ಥ. ಇದಕ್ಕೆ ಉತ್ತಮ ನಿದರ್ಶನ ವಿಂಡೋಸ್. 2001ರ ವಿಂಡೋಸ್ ಎಕ್ಸ್‌ಪಿಯೊಡನೆ ಬಂದ ‘ತುಂಗಾ’ ಫಾಂಟ್, ಹೆಸರಿನಲ್ಲಿ ನಮ್ಮ ಮಲೆನಾಡಿನ ಹೊಳೆಯನ್ನು ಹೊತ್ತು, ಬಹುಕಾಲ ಅಲ್ಲಿ ಕನ್ನಡದ ಮುಖವಾಗಿತ್ತು. ಮುಂದೆ ವಿಂಡೋಸ್ 8ರೊಡನೆ, ಭಾರತದ ಹಲವು ಲಿಪಿಗಳನ್ನು ಒಟ್ಟಿಗೆ ಒಳಗೊಂಡ ‘ನಿರ್ಮಲಾ ಯುಐ’ ಬಂದಿತು. 2015ರ ವಿಂಡೋಸ್ 10ರಲ್ಲಿ ತುಂಗಾವನ್ನು ಮೂಲ ಭಂಡಾರದಿಂದ ಬೇರ್ಪಡಿಸಿ, ಬೇಕೆಂದವರು ಮಾತ್ರ ಪಡೆದುಕೊಳ್ಳತಕ್ಕ ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ಎಂಬ ಕಟ್ಟಿನಲ್ಲಿ ಇರಿಸಲಾಯಿತು. ಕನ್ನಡವನ್ನು ತಮ್ಮ ಭಾಷೆಗಳ ಪಟ್ಟಿಯಲ್ಲಿ ಸೇರಿಸಿಕೊಂಡವರಿಗೆ ಅದು ತಾನಾಗಿಯೇ ದೊರೆಯುವುದು. ಉಳಿದವರು ಸೆಟ್ಟಿಂಗ್ಸ್‌ನಲ್ಲಿ ಆಪ್ಷನಲ್ ಫೀಚರ್ಸ್ ಎಂಬುದನ್ನು ತೆರೆದು ಆ ಕಟ್ಟನ್ನು ಆರಿಸಿ ಸ್ಥಾಪಿಸಿಕೊಳ್ಳಬೇಕು.

ಒತ್ತಕ್ಷರಗಳು ಒಡೆದು, ‘ಸ್ತ್ರೀ’ ಎಂಬುದು ‘ಸ್‌ತ್‌ರೀ’ ಎಂದು ಹಲ್ಲುಕಿರಿದಂತೆ ಬಿಡಿಬಿಡಿಯಾಗಿ ನಿಂತಿದ್ದರೆ ದೋಷವು ಸಾಮಾನ್ಯವಾಗಿ ಜೋಡಣೆಯದು. ಪುಟವಿನ್ಯಾಸಕ್ಕೆ ಅಡೋಬಿ ಇನ್‌ಡಿಸೈನನ್ನು ಬಳಸುವವರು ಅಲ್ಲಿ ‘ವರ್ಲ್ಡ್ ರೆಡಿ ಕಂಪೋಸರ್’ ಎಂಬ ಆಯ್ಕೆ ಚಾಲನೆಯಲ್ಲಿದೆಯೇ ಎಂಬುದನ್ನು ಮೊದಲು ನೋಡತಕ್ಕುದು. ಹಳೆಯ ತಂತ್ರಾಂಶವಾದರೆ ಅದರ ಹೊಸ ಆವೃತ್ತಿಯನ್ನು ಪಡೆಯಬೇಕು. ಒಂದು ಎಚ್ಚರಿಕೆಯ ಮಾತು: ‘ರಾಜ್‌ಕುಮಾರ್’ ಎಂಬಲ್ಲಿ ಜಕಾರಕ್ಕೆ ಕಕಾರದ ಒತ್ತು ಬೀಳದಂತೆ ತಡೆಯುವುದು ಅವೆರಡರ ನಡುವೆ ಅಗೋಚರವಾಗಿ ಕುಳಿತ ಒಂದು ಸಂಕೇತ. ಯಾವುದೋ ತಂತ್ರಾಂಶವು ಅದನ್ನು ಕಸವೆಂದು ತಿಳಿದು ತೆಗೆದುಹಾಕಿದರೆ ಹೆಸರು ‘ರಾಜ್ಕುಮಾರ್’ ಆಗುವುದು. ಆಗ ಎಷ್ಟು ಫಾಂಟುಗಳನ್ನು ಬದಲಿಸಿದರೂ ಪ್ರಯೋಜನವಿಲ್ಲ, ಪ್ರತಿಯನ್ನೇ ತಿದ್ದಬೇಕು.

ಫಾಂಟ್ ಇದ್ದೂ ಕಾಣದಿರುವುದು, ಒಂದು ತಂತ್ರಾಂಶದಲ್ಲಿ ಸರಿಯಾಗಿದ್ದು ಇನ್ನೊಂದರಲ್ಲಿ ಕೆಟ್ಟಿರುವುದು ಉಂಟು. ಶೀಘ್ರವಾಗಿ ಹುಡುಕಿಕೊಳ್ಳುವ ಸಲುವಾಗಿ ಯಂತ್ರವು ಫಾಂಟುಗಳ ವಿವರವನ್ನು ಕ್ಯಾಶ್ ಎಂಬ ತಾತ್ಕಾಲಿಕ ದಾಖಲೆಯಲ್ಲಿ ಬರೆದಿಟ್ಟುಕೊಳ್ಳುವುದರಿಂದ, ಅಪ್‌ಡೇಟ್ ಆದ ಮೇಲೆಯೂ ಹಳೆಯ ದಾಖಲೆಯೇ ಉಳಿದಿದ್ದರೆ ಇಂತಹ ಗೊಂದಲವೇಳುವುದು. ಯಂತ್ರವನ್ನು ಒಮ್ಮೆ ಪೂರ್ಣವಾಗಿ ರೀಸ್ಟಾರ್ಟ್ ಮಾಡಿ ನೋಡುವುದು ಮೊದಲ ಹೆಜ್ಜೆ. ಅದರಿಂದ ಗುಣ ಕಾಣದಿದ್ದರೆ ‘ವಿಂಡೋಸ್ ಫಾಂಟ್ ಕ್ಯಾಶ್ ಸರ್ವಿಸ್’ ಎಂಬ ಸೇವೆಯನ್ನು ನಿಲ್ಲಿಸಿ, ಹಳೆಯ ಕ್ಯಾಶ್ ಕಡತಗಳನ್ನು ಅಳಿಸಿ, ಮತ್ತೆ ಪ್ರಾರಂಭಿಸಿದರೆ ಯಂತ್ರವು ಹೊಸ ದಾಖಲೆಯನ್ನು ತಾನೇ ರಚಿಸಿಕೊಳ್ಳುವುದು.

ಇವೆಲ್ಲಕ್ಕಿಂತ ಭಯಂಕರವಾದ ಲಕ್ಷಣ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಯುನಿಕೋಡನ್ನು ಅರಿಯದ ಹಳೆಯ ತಂತ್ರಾಂಶವು ತನ್ನ ಲೆಕ್ಕಕ್ಕೆ ಸಿಗದ ಸಂಖ್ಯೆಗಳ ಜಾಗದಲ್ಲಿ ಪ್ರಶ್ನಾರ್ಥಕಗಳನ್ನಿರಿಸಿದಾಗ, ಅದು ಕೇವಲ ನೋಟದ ವಿಕಾರವಾಗಿರದೆ ಪ್ರತಿಯೇ ಸುಟ್ಟುಹೋಗುವ ಆರಂಭವಾಗಿರಬಹುದು. ಆ ಸ್ಥಿತಿಯಲ್ಲಿ ಕಡತವನ್ನು ಸೇವ್ ಮಾಡಿದರೆ ಮೂಲ ಸಂಖ್ಯೆಗಳು ಹೋಗಿ ಪ್ರಶ್ನಾರ್ಥಕಗಳೇ ಶಾಶ್ವತವಾಗುವುವು. ಆದುದರಿಂದ ಸೇವ್ ಮಾಡದೆ ಮುಚ್ಚಿ, ಯುನಿಕೋಡ್ ಬಲ್ಲ ತಂತ್ರಾಂಶದಲ್ಲಿ ತೆರೆದು ನೋಡಬೇಕು.

ಹಳೆಯ ಕಡತಗಳ ಗತಿ

ಇನ್ನುಳಿದುದು ಕನ್ನಡಿಗರಿಗೆ ಅತ್ಯಂತ ಪರಿಚಿತವಾದ ವಿಕಾರ: ಪುಟದ ತುಂಬ ರೋಮನ್ ಅಕ್ಷರಗಳ, ನಾಣ್ಯಚಿಹ್ನೆಗಳ ಅರ್ಥಹೀನವಾದ ಮಿಶ್ರಣ. ಆಪರೇಟಿಂಗ್ ಸಿಸ್ಟಮುಗಳಿಗೆ ಕನ್ನಡವೇ ತಿಳಿಯದಿದ್ದ ಕಾಲದಲ್ಲಿ, 1998ರಲ್ಲಿ ಬಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’, ಅಚ್ಚಿನ ಉದ್ಯಮದ ‘ಶ್ರೀಲಿಪಿ’, ‘ಆಕೃತಿ’ ಮುಂತಾದ ತಂತ್ರಾಂಶಗಳು, ಇಂಗ್ಲಿಷಿಗೆ ಮೀಸಲಾಗಿದ್ದ ಸ್ಥಾನಗಳಲ್ಲಿ ಕನ್ನಡ ಅಕ್ಷರದ ಅಂಗಾಂಗಗಳನ್ನು ಕೂರಿಸಿ, ಇಲ್ಲದಲ್ಲಿ ದಾರಿ ಮಾಡಿಕೊಟ್ಟುವು. ಆ ಉಪಕಾರವನ್ನು ಕನ್ನಡ ಮರೆಯಲಾಗದು. ಆದರೆ ಆ ವ್ಯವಸ್ಥೆಯಲ್ಲಿ ಪ್ರತಿಯೂ ಮೊಳೆಯೂ ಬೇರೆಬೇರೆಯಾಗಿರಲಿಲ್ಲ. ನುಡಿಯ ಹಳೆಯ ಫಾಂಟಿನಲ್ಲಿ ಬರೆದ ‘ಕನ್ನಡ’ ಎಂಬ ಪದದಲ್ಲಿ ಕಕಾರದ ಒಡಲು ದೊಡ್ಡ ಪಿ ಅಕ್ಷರದ ಸ್ಥಾನದಲ್ಲಿದೆ, ತಲೆಕಟ್ಟು ನೆತ್ತಿಯ ಮೇಲೆ ಗೆರೆ ಹೊತ್ತ ಎ ಅಕ್ಷರದ ಸ್ಥಾನದಲ್ಲಿದೆ, ನಕಾರದ ಒಡಲು ಪೌಂಡಿನ ಚಿಹ್ನೆಯ ಸ್ಥಾನದಲ್ಲಿದೆ, ಡಕಾರದ್ದು ಸಣ್ಣ ಕ್ಯೂ ಅಕ್ಷರದಲ್ಲಿದೆ. ಹೊಸ ಯಂತ್ರಕ್ಕೆ ಆ ಫಾಂಟ್ ಬಾರದೆಹೋದರೆ ಉಳಿಯುವುದು ಪಿ, ಎ, ಪೌಂಡುಗಳೇ.

ಇದಕ್ಕೆ ಪರಿಹಾರ ಎರಡು ಹಂತದ್ದು. ಓದುವ ತುರ್ತಿಗೆ ಆ ಹಳೆಯ ಫಾಂಟನ್ನೇ ಸ್ಥಾಪಿಸಿಕೊಳ್ಳುವುದು ಮೊದಲನೆಯದು. ಪರಿವರ್ತಕ ತಂತ್ರಾಂಶದ ನೆರವಿನಿಂದ ಇಡೀ ಬರಹವನ್ನು ಯುನಿಕೋಡಿಗೆ ಬದಲಿಸುವುದು ಎರಡನೆಯದು, ಸ್ಥಿರವಾದುದು. ಹೀಗೆ ಬದಲಿಸಿದ ಮೇಲೆ ಬರಹವನ್ನು ಕಣ್ಣಿಟ್ಟು ಓದಿ ತಿದ್ದುವುದು ಅನಿವಾರ್ಯ. ಏಕೆಂದರೆ ಅರ್ಕಾವತ್ತು ಸ್ಥಾನ ತಪ್ಪಬಹುದು, ನಡುನಡುವೆ ಇದ್ದ ನಿಜವಾದ ಇಂಗ್ಲಿಷ್ ಪದಗಳು ಅದೇ ಸಂಖ್ಯೆಗಳನ್ನು ಹೊಂದಿರುವ ಕಾರಣ ಅರ್ಥವಿಲ್ಲದ ಕನ್ನಡವಾಗಿ ಬಿಡಬಹುದು. ಪಿಡಿಎಫ್ ಮಾಡಿಟ್ಟಿದ್ದೇವೆಂದು ನೆಮ್ಮದಿಯಿಂದಿರುವುದೂ ಸಲ್ಲದು: ಫಾಂಟನ್ನು ಒಳಗಿರಿಸಿಕೊಂಡ ಪಿಡಿಎಫ್ ಕಣ್ಣಿಗೆ ಅಚ್ಚುಕಟ್ಟಾಗಿ ಕಂಡರೂ, ಅದರೊಳಗಿನ ಒಂದು ವಾಕ್ಯವನ್ನು ನಕಲಿಸಿ ತೆಗೆದರೆ ಅದೇ ಪಿ, ಎ, ಪೌಂಡುಗಳು ಹೊರಬರುವುವು, ಹುಡುಕಾಟಕ್ಕೆ ಒಂದು ಪದವೂ ಸಿಕ್ಕದು.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲದ ಅವಧಿ ಮುಗಿದುದರಿಂದ ಮನೆಗಳಲ್ಲಿಯೂ ಕಚೇರಿಗಳಲ್ಲಿಯೂ ಯಂತ್ರಗಳು ಬದಲಾಗುತ್ತಿವೆ. ಇಂತಹ ಬದಲಾವಣೆಗಳು ಮುಂದೆಯೂ ನಿಲ್ಲವು. ಗ್ರಾಮದ ಸಹಕಾರ ಸಂಘದ ನಡಾವಳಿ, ಸಣ್ಣ ಪ್ರಕಾಶಕರ ಪುಸ್ತಕಗಳ ಮೂಲಪ್ರತಿ, ನಿವೃತ್ತ ಉಪಾಧ್ಯಾಯರೊಬ್ಬರು ಸಂಗ್ರಹಿಸಿದ ಸೀಮೆಯ ಹಾಡುಗಳು, ಇವೆಲ್ಲ ಇಂದಿಗೂ ಹಳೆಯ ಫಾಂಟಿನ ಕಡತಗಳಲ್ಲಿ ಅಡಗಿರುವ ಮನೆಗಳು ನಮ್ಮಲ್ಲಿ ಬಹಳವಿವೆ. ಅವುಗಳ ಒಡೆಯರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಮುಂದಿನ ಅಪ್‌ಡೇಟಿಗೆ ಒಪ್ಪಿಗೆಯೊತ್ತುವ ಮೊದಲು ಆ ಕಡತಗಳನ್ನು ಒಂದೊಂದಾಗಿ ತೆರೆದು ನೋಡಿರಿ, ಬಳಸಿದ ಫಾಂಟಿನ ಹೆಸರನ್ನು ಒಂದು ಕಾಗದದಲ್ಲಿ ಬರೆದಿಡಿರಿ, ಮೂಲ ಕಡತವನ್ನು ಅಳಿಸದೆ ಅದರ ಪಕ್ಕದಲ್ಲಿಯೇ ಯುನಿಕೋಡಿನ ಪ್ರತಿಯೊಂದನ್ನು ಇರಿಸಿರಿ. ಬಿಡುವಿನ ಒಂದು ಭಾನುವಾರ ಇದಕ್ಕೆ ಸಾಕು.