ಡೈರೆಕ್ಟರಿ ಉಲ್ಲಂಘನ: ಎರಡು ಚುಕ್ಕೆಗಳ ಪಾಠವಿಚಾರ

ಸರ್ವರ್ ಎಂಬ ವ್ಯವಸ್ಥೆಯು ದೂರದಿಂದ ಬಂದ ಕೋರಿಕೆಯನ್ನು ಓದಿಕೊಂಡು, ಕೇಳಿದ ಕಡತವನ್ನು ತೆಗೆದು ಕಳುಹಿಸತಕ್ಕುದು. ಕಡತಗಳು ಡೈರೆಕ್ಟರಿಗಳೆಂಬ ಕೋಶಗಳಲ್ಲಿ ಇರುತ್ತವೆ. ಕೋಶದೊಳಗೆ ಕೋಶವೂ ಉಂಟು. ಇವುಗಳಲ್ಲಿ ಒಂದನ್ನು ಮಾತ್ರ ಸಾರ್ವಜನಿಕರಿಗಾಗಿ ತೆರೆದಿಟ್ಟು, ಮಿಕ್ಕವನ್ನು ಮರೆಯಲ್ಲಿಡುವುದು ರೂಢಿ. ಆದರೆ ಕಡತದ ಹಾದಿಯನ್ನು ಬರೆಯುವ ಕ್ರಮದಲ್ಲಿ ಜೋಡಿ ಚುಕ್ಕೆಗೆ ಒಂದು ವಿಶೇಷಾರ್ಥವಿದೆ: ಈ ಕೋಶವನ್ನು ಬಿಟ್ಟು ಇದರ ಮೇಲಿನದಕ್ಕೆ ಹೋಗು ಎಂದು. ‘../’ ಎಂಬುದನ್ನು ನಾಲ್ಕಾರು ಸಲ ಬರೆದವನು ತೆರೆದ ಕೋಶದಿಂದ ಹೊರಬಿದ್ದು, ಬೇಕಾದ ಕೋಶಕ್ಕೆ ಇಳಿಯಬಲ್ಲನು. ಸರ್ವರು ಇದನ್ನು ತಡೆಯದಿದ್ದರೆ ಆ ದೋಷವೇ ಡೈರೆಕ್ಟರಿ ಉಲ್ಲಂಘನ.

ಜೋಡಿ ಚುಕ್ಕೆಯನ್ನು ಕಂಡೊಡನೆ ಕೋರಿಕೆಯನ್ನು ನಿರಾಕರಿಸಿದರೆ ಸಾಲದೆ ಎಂದು ವಾಚಕರು ಕೇಳಬಹುದು. ಸಾಲದು. ಒಂದೇ ಚಿಹ್ನೆಗೆ ಹಲವು ಬರಹಗಳಿರುವುದೇ ಇಲ್ಲಿನ ತೊಡಕು. ವಿಳಾಸಗಳಲ್ಲಿ ಚುಕ್ಕೆಯನ್ನು ಚುಕ್ಕೆಯಾಗಿಯೇ ಬರೆಯಬಹುದು. ‘%2’ ಎಂಬುದರ ಮುಂದೆ ‘ಇ’ ಎಂಬ ರೋಮನ್ ಅಕ್ಷರವನ್ನಿಟ್ಟೂ ಬರೆಯಬಹುದು. ಓಲೆಯ ಪ್ರತಿಗಳನ್ನು ಪರಿಶೋಧಿಸಿದವರಿಗೆ ಇಂತಹ ಬರಹಭೇದಗಳು ಹೊಸತಲ್ಲ. ಅಲ್ಲಿ ತಪ್ಪಿದರೆ ಅರ್ಥ ಕೆಡುತ್ತದೆ. ಇಲ್ಲಿ ಬಾಗಿಲು ತೆರೆಯುತ್ತದೆ.

2000ದಲ್ಲಿ ಮೈಕ್ರೋಸಾಫ್ಟಿನ ಐ.ಐ.ಎಸ್. ಸರ್ವರಿನಲ್ಲಿ ಇಂಥದೊಂದು ದೋಷ ಹೊರಬಿತ್ತು. ಯು.ಟಿ.ಎಫ್.-8 ಲಿಪಿಕ್ರಮದಲ್ಲಿ ಓರೆಗೆರೆಗೆ ಒಂದು ಬೈಟು ಸಾಕು. ಅದನ್ನೇ ಎರಡು ಬೈಟುಗಳಲ್ಲಿ ಸುತ್ತಿ ಬರೆದಾಗ ಪರೀಕ್ಷೆಯು ಗುರುತಿಸಲಿಲ್ಲ. ಅನಂತರ ಓದಿದ ಭಾಗವು ಓರೆಗೆರೆಯೆಂದೇ ಗ್ರಹಿಸಿತು. 2001ರ ಸೆಪ್ಟೆಂಬರಿನಲ್ಲಿ ಹರಡಿದ ನಿಮ್ಡಾ ಎಂಬ ಉಪದ್ರವಕಾರಿ ತಂತ್ರಾಂಶವು ಹಿಡಿದ ದಾರಿಗಳಲ್ಲಿ ಇದೂ ಒಂದು.

ಅಪಾಚೆ ಸರ್ವರಿನ ಪ್ರಸಂಗವು ಇನ್ನೂ ಬೋಧಪ್ರದವಾದುದು. 2021ರ ಸೆಪ್ಟೆಂಬರಿನಲ್ಲಿ ಹೊರಬಂದ ಅದರ 2.4.49ನೆಯ ಆವೃತ್ತಿಯಲ್ಲಿ ಹಾದಿಯನ್ನು ಶುದ್ಧಗೊಳಿಸುವ ಭಾಗವನ್ನು ಹೊಸದಾಗಿ ಬರೆದಿದ್ದರು. ಅದು ಚಿಹ್ನೆಗಳನ್ನು ಒಂದೊಂದಾಗಿ ಬಿಡಿಸುತ್ತ ಸಾಗುವುದು. ಆದರೆ ಮೊದಲನೆಯ ಚುಕ್ಕೆಯನ್ನು ಕಂಡು, ಮುಂದಿನದು ಚುಕ್ಕೆಯೇ ಎಂದು ನೋಡುವಾಗ, ಆ ಮುಂದಿನದನ್ನು ಇನ್ನೂ ಬಿಡಿಸಿರಲಿಲ್ಲ. ಎರಡನೆಯ ಚುಕ್ಕೆಯು ಮಾರುವೇಷದಲ್ಲಿದ್ದರೆ ಸುಮ್ಮನೆ ದಾಟಿಹೋಯಿತು. ಹೊರಗಿನ ಕೋಶಗಳಿಗೆ ಪ್ರತ್ಯೇಕ ನಿಷೇಧವನ್ನು ವಿಧಿಸಿದ್ದ ಸರ್ವರುಗಳು ಮಾತ್ರ ಪಾರಾದವು. ಅಕ್ಟೋಬರ್ 4ರಂದು 2.4.50 ಬಂದಿತು, ಅದೂ ಅಸಂಪೂರ್ಣ. ‘%%32%65’ ಎಂದು ಬರೆದರೆ ಮೊದಲ ಸಲ ಬಿಡಿಸಿದಾಗ ಚುಕ್ಕೆಯ ಸಂಕೇತ ಮಾತ್ರ ದೊರೆಯುವುದು, ಮತ್ತೊಮ್ಮೆ ಬಿಡಿಸಿದಾಗ ಚುಕ್ಕೆಯೇ ಮೂಡುವುದು. ಪರೀಕ್ಷೆಯಾದ ಮೇಲೆ ಸರ್ವರು ಹಾದಿಯನ್ನು ಇನ್ನೊಮ್ಮೆ ಬಿಡಿಸುತ್ತಿತ್ತು. ಮೂರೇ ದಿನಗಳಲ್ಲಿ, ಅಕ್ಟೋಬರ್ 7ರಂದು, 2.4.51 ಹೊರಬಂದು ಇದು ಸರಿಹೋಯಿತು. ತಿದ್ದಿದವರ ಅಜಾಗರೂಕತೆಯೆಂದು ಇದನ್ನು ಹಳಿಯಲು ನನಗೆ ಮನಸ್ಸಿಲ್ಲ. ಒಂದು ಪಾಠವನ್ನು ಇಬ್ಬರು ಬೇರೆಬೇರೆ ಓದುವಲ್ಲಿ, ಮೊದಲ ಓದುಗನನ್ನೆಷ್ಟು ತಿದ್ದಿದರೂ ಎರಡನೆಯವನ ಓದು ಉಳಿದೇ ಇರುತ್ತದೆ.

ಆದಕಾರಣ ನಿಷಿದ್ಧವಾದ ಬರಹಗಳ ಪಟ್ಟಿಯನ್ನು ಬೆಳೆಸುತ್ತ ಹೋಗುವುದಕ್ಕಿಂತ, ಹಾದಿಯನ್ನು ಪೂರ್ತಿಯಾಗಿ ಬಿಡಿಸಿ, ಅದು ಕೊನೆಗೆ ಸೇರುವ ಸ್ಥಳವು ತೆರೆದ ಕೋಶದೊಳಗೇ ಇದೆಯೆ ಎಂದು ನೋಡಿ, ಹಾಗೆ ನೋಡಿದ ಹಾದಿಯನ್ನೇ ಮತ್ತೆ ಬಿಡಿಸದೆ ಬಳಸುವುದು ಮೇಲು. ಹಸ್ತಪ್ರತಿಗಳ ಛಾಯಾಚಿತ್ರಗಳನ್ನು ಸರ್ವರಿನಲ್ಲಿಡುವ ಗ್ರಂಥಭಂಡಾರಗಳಿಗೆ ಇದಕ್ಕಿಂತಲೂ ಸುಲಭವಾದ ಉಪಾಯವುಂಟು: ಓದುಗನಿಂದ ಕಡತದ ಹೆಸರನ್ನು ಕೇಳದೆ ಪ್ರತಿಯ ಕ್ರಮಸಂಖ್ಯೆಯನ್ನು ಮಾತ್ರ ಕೇಳಿ, ಹಾದಿಯನ್ನು ತಮ್ಮ ದಾಖಲೆಪುಸ್ತಕದಿಂದ ತಾವೇ ತೆಗೆದುಕೊಳ್ಳುವುದು.